ಹಾಕಿ ಮೈದಾನದಿಂದ ಚರ್ಚಿನ ಪಾಠಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಏಪ್ರಿಲ್ ಬಂತೆಂದರೆ ಮಾತೆಲ್ಲ ಹಾಕಿಯದ್ದೇ. ಅದೇ ಹೊತ್ತಿಗೆ ಐಪಿಎಲ್ ಕೂಡ ಶುರುವಾಗಿರುತ್ತದೆ. ಭಾನುವಾರ ಸಂಡೇ ಸ್ಕೂಲಿಗೆ ಬರುವ ಮಕ್ಕಳ ತಲೆಯಲ್ಲಿ ಹಿಂದಿನ ರಾತ್ರಿಯ ಮ್ಯಾಚ್ ಓಡುತ್ತಿರುತ್ತದೆ. ಅದನ್ನು ಹೊರಗೆ ಬಿಟ್ಟು ಬನ್ನಿ ಅನ್ನಬೇಕಾ, ಒಳಗೆ ಕರೆದು ಪಾಠಕ್ಕೆ ಬಳಸಬೇಕಾ? ಮಕ್ಕಳ ಮತ್ತು ಯುವಜನರ ಜೊತೆ ಕೆಲಸ ಮಾಡುವ ನನ್ನನ್ನು ಟೀಚರ್‌ಗಳು, ಅಪ್ಪ ಅಮ್ಮಂದಿರು, ಸಭೆಯ ಹಿರಿಯರು ಕೇಳುತ್ತಲೇ ಇರುವ ಪ್ರಶ್ನೆಗಳು ಇಲ್ಲಿವೆ. ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಉಪಯೋಗವಾಗಲಿ ಅಂತ ಬರೆದಿದ್ದೇನೆ.

ಆಟ, ಸಿನಿಮಾ ಎಲ್ಲ ಲೋಕದ ವಿಷಯ ಅಲ್ವಾ? ಚರ್ಚಿನಲ್ಲಿ ಅದರ ಮಾತು ಯಾಕೆ?

ಯೇಸುವೇ ಮಾತಾಡಿದ್ದಾರೆ. ಮತ್ತಾಯ 11ರಲ್ಲಿ ಸಂತೆಬೀದಿಯಲ್ಲಿ ಕೂತು ಆಡುವ ಮಕ್ಕಳ ಮಾತು ಬರುತ್ತದೆ. ನಾವು ಕೊಳಲೂದಿದರೂ ನೀವು ಕುಣಿಯಲಿಲ್ಲ ಅಂತ ಆ ಮಕ್ಕಳು ಜಗಳ ಆಡುತ್ತಾರೆ. ಮದುವೆ ಆಟ ಆಡೋಣ ಅಂದರೆ ಬೇಡ, ಸಾವಿನ ಆಟ ಅಂದರೂ ಬೇಡ. ತನ್ನ ಕಾಲದ ಜನರ ಹಟವನ್ನು ತೋರಿಸಲು ಯೇಸು ಆರಿಸಿಕೊಂಡದ್ದು ಈ ಬೀದಿ ಆಟವನ್ನು. ಲೂಕ 13ರಲ್ಲಿ ಊರೆಲ್ಲ ಮಾತಾಡುತ್ತಿದ್ದ ಒಂದು ಸುದ್ದಿಯನ್ನೂ ಎತ್ತಿಕೊಳ್ಳುತ್ತಾರೆ. ಪೌಲ ಅಥೆನ್ಸಿನಲ್ಲಿ ಗ್ರೀಕ್ ಕವಿಯೊಬ್ಬನ ಸಾಲನ್ನೇ ಹೇಳಿ ಮಾತು ಬೆಳೆಸುತ್ತಾನೆ. ಅದು ಅಪೊಸ್ತಲರ ಕೃತ್ಯಗಳು 17:28ರಲ್ಲಿದೆ. ಆ ಕವಿ ಬರೆದದ್ದು ಸ್ಯೂಸ್ ದೇವರ ಬಗ್ಗೆ. ಆದರೂ ಪೌಲ ಹಿಂಜರಿಯಲಿಲ್ಲ.

ಹಾಗಂತ ಲೋಕದ ನಡೆಯನ್ನೇ ಅನುಸರಿಸಬೇಡಿ ಅಂತ ರೋಮಾಪುರದವರಿಗೆ ಬರೆದವನೂ ಅದೇ ಪೌಲ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು.

ಪೌಲ ಆಟದ ಉದಾಹರಣೆ ಕೊಟ್ಟದ್ದು ಎಲ್ಲಿ? ಅದರಿಂದ ನಾವು ಕಲಿಯುವುದೇನು?

1 ಕೊರಿಂಥ 9:24ರಿಂದ 27ರವರೆಗೆ ಓದಿ. ಓಟ ಇದೆ, ಗುದ್ದಾಟ ಇದೆ, ಗಾಳಿಗೆ ಗುದ್ದುವವನ ಮಾತೂ ಇದೆ. ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು. ಪೌಲ ಆ ಊರಿನಲ್ಲಿ ಒಂದೂವರೆ ವರ್ಷ ಇದ್ದು, ಡೇರೆ ಹೊಲಿದು ಬದುಕಿದವನು. ತನ್ನ ಓದುಗರಿಗೆ ಏನು ಗೊತ್ತು ಅನ್ನುವುದು ಅವನಿಗೆ ಚೆನ್ನಾಗಿ ತಿಳಿದಿತ್ತು.

ಗಮನಿಸಬೇಕಾದ ಮುಖ್ಯ ವಿಷಯ ಬೇರೆಯೇ ಇದೆ. ಹೋಲಿಕೆ ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನೂ ಪೌಲ ಹೇಳುತ್ತಾನೆ. ಅವರು ಬಾಡಿಹೋಗುವ ಹಾರಕ್ಕಾಗಿ ಓಡುತ್ತಾರೆ, ನಾವು ಬಾಡದ ಹಾರಕ್ಕಾಗಿ ಅನ್ನುತ್ತಾನೆ. ಅಲ್ಲಿ ಗೆದ್ದವನಿಗೆ ಸಿಗುತ್ತಿದ್ದದ್ದು ಪೈನ್ ಮರದ ಎಲೆಯ ಅಥವಾ ಒಣಗಿದ ಸೆಲರಿ ಸೊಪ್ಪಿನ ಹಾರ. ಕೇಳುವವರಿಗೆ ಆ ಮಾತು ಕೂಡಲೇ ತಟ್ಟಿರಬೇಕು.

ನನ್ನ ಮಟ್ಟಿಗೆ ಇದೇ ಇಡೀ ವಿಷಯದ ಹುರುಳು. ಆಟ ಮತ್ತು ವಾಕ್ಯ ಎಲ್ಲಿ ಒಂದಾಗುತ್ತವೆ ಅಂತ ಹೇಳಿದರೆ ಪಾಠ ಅರ್ಧ ಮಾತ್ರ ಆಯಿತು. ಎಲ್ಲಿ ಬೇರೆ ಆಗುತ್ತವೆ ಅಂತ ಹೇಳಿದಾಗ ಸುವಾರ್ತೆ ಕಾಣುತ್ತದೆ. ನಾನು ಯಾವ ಉದಾಹರಣೆ ತಗೊಂಡರೂ ಈ ಎರಡನೆಯ ಅರ್ಧವನ್ನು ಬಿಡುವುದಿಲ್ಲ.

ಹಾಕಿಯಿಂದ ಏನು ಪಾಠ ಮಾಡಬಹುದು? ಸುಮ್ನೆ "ಒಗ್ಗಟ್ಟಿನಲ್ಲಿ ಬಲ" ಅಂದರೆ ಸಾಕಾ?

ಸಾಲದು. ಆ ಮಾತು ಯಾವ ಆಟಕ್ಕೂ ಹೊಂದುತ್ತದೆ, ಹಾಗಾಗಿ ಯಾರ ಮನಸ್ಸಿಗೂ ನಾಟುವುದಿಲ್ಲ. ಹಾಕಿಯ ಒಳಗೆ ಇಳಿಯಿರಿ. ನಮ್ಮ ಮಕ್ಕಳಿಗೆ ಆಟ ಗೊತ್ತು, ಮೇಲುಮೇಲಿನ ಮಾತನ್ನು ಅವರು ಕೂಡಲೇ ಹಿಡಿಯುತ್ತಾರೆ.

ಪೆನಾಲ್ಟಿ ಕಾರ್ನರ್ ನೋಡಿ. ಒಬ್ಬ ಗೋಲಿನ ಪಕ್ಕದ ಗೆರೆಯಿಂದ ಚೆಂಡನ್ನು ತಳ್ಳುತ್ತಾನೆ. ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಡಿ ಹೊರಗೆ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ. ಮೂರನೆಯವನು ಫ್ಲಿಕ್ ಮಾಡುತ್ತಾನೆ. ಮರುದಿನದ ಪೇಪರಿನಲ್ಲಿ ಬರುವುದು ಮೂರನೆಯವನ ಹೆಸರು ಮಾತ್ರ. ತಳ್ಳಿದವನ ಕೈ ಸ್ವಲ್ಪ ತಪ್ಪಿದ್ದರೆ, ನಿಲ್ಲಿಸಿದವನ ಸ್ಟಿಕ್ಕಿಗೆ ಚೆಂಡು ತಾಗಿ ಪುಟಿದಿದ್ದರೆ ಗೋಲೇ ಇಲ್ಲ. ಇಲ್ಲಿಂದ 1 ಕೊರಿಂಥ 3:6ಕ್ಕೆ ಹೋಗಿ. ನಾನು ನೆಟ್ಟೆ, ಅಪೊಲ್ಲೋಸ ನೀರು ಹೊಯ್ದ, ಬೆಳೆಸಿದವನು ದೇವರು. ಆಮೇಲೆ ಮಕ್ಕಳನ್ನು ಕೇಳಿ: ನಮ್ಮ ಚರ್ಚಿನಲ್ಲಿ ಚೆಂಡು ತಳ್ಳುವವರು ಯಾರು? ಗುಡಿಸುವವರು, ಗಂಟೆ ಹೊಡೆಯುವವರು, ಕ್ವಾಯರಿಗೆ ಪುಸ್ತಕ ಹಂಚುವವರು, ಹೀಗೆ ಹೆಸರುಗಳು ಬರುತ್ತಾ ಹೋಗುತ್ತವೆ. ಆ ಹೆಸರುಗಳಿಗಾಗಿ ಪ್ರಾರ್ಥನೆ ಮಾಡಿ ಮುಗಿಸಿ.

ಇನ್ನೊಂದು ಗ್ರೀನ್ ಕಾರ್ಡ್. ಅಂತಾರಾಷ್ಟ್ರೀಯ ಹಾಕಿಯಲ್ಲಿ ಗ್ರೀನ್ ಕಾರ್ಡ್ ಸಿಕ್ಕವನು 2 ನಿಮಿಷ ಹೊರಗೆ ಕೂರುತ್ತಾನೆ. ಯೆಲ್ಲೋ ಕಾರ್ಡಿಗೆ ಕಡಿಮೆ ಅಂದರೂ 5 ನಿಮಿಷ. ಆಮೇಲೆ ಅವನು ವಾಪಸ್ ಬರುತ್ತಾನೆ, ತಂಡ ಅವನಿಗೆ ಚೆಂಡು ಕೊಡುತ್ತದೆ. ರೆಡ್ ಕಾರ್ಡ್ ಬಲು ಅಪರೂಪ. ಸಭೆಯಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಹುಡುಗ ಒಂದು ತಪ್ಪು ಮಾಡಿದರೆ ಶಿಕ್ಷೆ ಮುಗಿದು ವರ್ಷಗಳಾದರೂ ಅವನ ಬಗ್ಗೆ ಮಾತು ಮುಗಿಯುವುದಿಲ್ಲ. ಗಲಾತ್ಯ 6:1 ಇಂಥವರನ್ನು ಸೌಮ್ಯವಾಗಿ ಸರಿದಾರಿಗೆ ತನ್ನಿ ಅನ್ನುತ್ತದೆ. ಈ ಪಾಠ ಮಕ್ಕಳಿಗಿಂತ ಹಿರಿಯರಿಗೆ ಜಾಸ್ತಿ ಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಮೂರನೆಯದು ನಮ್ಮ ಸೋಮವಾರಪೇಟೆಯಲ್ಲಿ ಹುಟ್ಟಿದ ಬಿ.ಪಿ. ಗೋವಿಂದ ಅವರ ಕಥೆ. 1973ರಲ್ಲಿ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ವಿಶ್ವಕಪ್ ಫೈನಲ್. ಭಾರತದ ನಾಯಕ ಎಂ.ಪಿ. ಗಣೇಶ್, ಅವರೂ ಕೊಡಗಿನವರೇ. ಭಾರತ 2-0 ಮುಂದಿತ್ತು. ಆತಿಥೇಯರು 2-2 ಮಾಡಿದರು. ಹೆಚ್ಚುವರಿ ಸಮಯದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಗೋಲಾದರೆ ಕಪ್ ನಮ್ಮದು. ಸ್ಟ್ರೋಕ್ ತಗೊಂಡವರು ಗೋವಿಂದ. ಗೋಲಾಗಲಿಲ್ಲ. ಕೊನೆಗೆ ಟೈಬ್ರೇಕರಿನಲ್ಲಿ ಸೋತೆವು. ಎರಡು ವರ್ಷ ಬಿಟ್ಟು 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ಗೋವಿಂದ ಇದ್ದರು. ಆಯ್ಕೆ ಮಾಡುವವರು ಅವರನ್ನು ಒಂದು ಸ್ಟ್ರೋಕಿನಿಂದ ಅಳೆಯಲಿಲ್ಲ.

ಇದನ್ನು ಯೋಹಾನ 21ರ ಜೊತೆ ಓದಬಹುದು. ಕೆರೆದಡದಲ್ಲಿ ಬೆಂಕಿ, ಮೀನು, ಮೂರು ಸಲ ಅಲ್ಲಗಳೆದ ಪೇತ್ರನಿಗೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಅನ್ನುವ ಯೇಸುವಿನ ಪ್ರಶ್ನೆ, ಆಮೇಲೆ ಕುರಿಗಳನ್ನು ಕಾಯುವ ಕೆಲಸ. ಆದರೆ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ಪೇತ್ರ ಮಾಡಿದ್ದು ಪಾಪ. ಸ್ಟ್ರೋಕ್ ತಪ್ಪುವುದು ಪಾಪ ಅಲ್ಲ, ಎಸೆಸೆಲ್ಸಿಯಲ್ಲಿ ಫೇಲಾಗುವುದೂ ಪಾಪ ಅಲ್ಲ. ಕ್ಷಮೆ ಬೇಕಾದ ವಿಷಯ ಯಾವುದು, ಬರೀ ಧೈರ್ಯ ಬೇಕಾದ ವಿಷಯ ಯಾವುದು ಅನ್ನುವುದು ಮಕ್ಕಳಿಗೆ ಗೊಂದಲವಾಗಿರುತ್ತದೆ. ಮಾರ್ಕ್ಸ್ ಕಡಿಮೆ ಬಂದದ್ದಕ್ಕೆ ದೇವರ ಮುಂದೆ ತಪ್ಪಿತಸ್ಥರಂತೆ ಕೂರುವ ಮಕ್ಕಳಿದ್ದಾರೆ. ಅವರಿಗೆ ಇದನ್ನು ಯಾರಾದರೂ ಹೇಳಬೇಕು.

ಕೊಡವ ಕೌಟುಂಬಿಕ ಹಾಕಿ ಹಬ್ಬವನ್ನು ಪಾಠಕ್ಕೆ ತರಬಹುದಾ?

ತರಬಹುದು, ಗೌರವದಿಂದ. ಅದು ಕೊಡವ ಜನಾಂಗದ ಸ್ವಂತ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳು ಆಡಿದವು. ಈಗ 300 ದಾಟಿದೆ. ಪ್ರತಿ ವರ್ಷ ಬೇರೆ ಒಕ್ಕದ (ಕೊಡವ ಮನೆತನದ) ಆತಿಥ್ಯ, ಕೂಟಕ್ಕೆ ಆ ಒಕ್ಕದ್ದೇ ಹೆಸರು. ಒಂದೇ ತಂಡದಲ್ಲಿ ಅಜ್ಜನೂ ಮೊಮ್ಮಗನೂ ಆಡುತ್ತಾರೆ, ಹೆಣ್ಣುಮಕ್ಕಳು ಗಂಡಸರ ಜೊತೆಗೇ ಆಡುತ್ತಾರೆ.

ಇಲ್ಲಿ ನನಗೆ ಹಿಡಿಸುವ ವಿಷಯ ಎರಡು. ಮೊದಲನೆಯದು ಆತಿಥ್ಯ. ಒಂದು ಒಕ್ಕ ತಿಂಗಳುಗಟ್ಟಲೆ ದುಡಿದು, ಖರ್ಚು ಹೊತ್ತು ಮೈದಾನ ಸಿದ್ಧ ಮಾಡುತ್ತದೆ, ಕಪ್ ಬೇರೆಯವರು ಗೆದ್ದುಕೊಂಡು ಹೋಗುತ್ತಾರೆ. ಎರಡನೆಯದು ವಯಸ್ಸು. ನಮ್ಮ ಚರ್ಚುಗಳಲ್ಲಿ ಮಕ್ಕಳು ಒಂದು ಕಡೆ, ಯುವಜನರು ಒಂದು ಕಡೆ, ಹಿರಿಯರು ಇನ್ನೊಂದು ಕಡೆ. ಎಲ್ಲರೂ ಸೇರಿ ಮಾಡುವ ಕೆಲಸ ಎಷ್ಟಿದೆ?

ಇನ್ನು ಹೋಲಿಕೆ ನಿಲ್ಲುವ ಜಾಗ. ಒಕ್ಕದ ತಂಡಕ್ಕೆ ಸೇರುವುದು ಹುಟ್ಟಿನಿಂದ ಅಥವಾ ಮದುವೆಯಿಂದ. ಅದು ಸರಿಯೇ, ಅದು ಮನೆತನದ ಹಬ್ಬ. ಸಭೆ ಹಾಗಲ್ಲ. ಎಫೆಸ 2:19 ಹೇಳುವುದು ಹೊರಗಿನವರಾಗಿದ್ದವರು ಈಗ ದೇವರ ಮನೆಯವರು ಅಂತ. ನಮ್ಮ ಚರ್ಚುಗಳಲ್ಲಿ ಕನ್ನಡ, ಕೊಂಕಣಿ, ಮಲಯಾಳಂ, ತಮಿಳು, ತುಳು ಮಾತಾಡುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರಲ್ಲಿ ಶುರುವಾದದ್ದೇ ಟಿಪ್ಪುವಿನ ರಾಜ್ಯದಿಂದ ಓಡಿ ಬಂದವರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟಿದ್ದರಿಂದ. ನಾವು ಇಲ್ಲಿ ಆಸರೆ ಪಡೆದವರ ಮಕ್ಕಳು. ಈ ಮಾತನ್ನು ಪಾಠದಲ್ಲಿ ಮರೆಯಬೇಡಿ.

ಕೊಡವರ ಆಯುಧಪೂಜೆ ಕೈಲ್ ಪೊಳ್ದ್, ಸುಗ್ಗಿಹಬ್ಬ ಪುತ್ತರಿ ಇಂಥ ಹಬ್ಬಗಳಿಂದಲೂ ಉದಾಹರಣೆ ತಗೊಳ್ಳಬಹುದಾ?

ನಾನು ತಗೊಳ್ಳುವುದಿಲ್ಲ. ಅವು ಆಟ ಮಾತ್ರ ಅಲ್ಲ, ಪೂಜೆ ಕೂಡ. ನೆರೆಯವರ ಪೂಜೆಗೆ ನಮ್ಮ ಅರ್ಥ ಹಚ್ಚುವುದು ಅವರಿಗೆ ನೋವು ಮಾಡುತ್ತದೆ. ಕರೆದರೆ ಹೋಗಿ, ಊಟ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಖುಷಿಪಡಿ.

ನಮ್ಮ ಮಕ್ಕಳು ಎಸ್ಟೇಟ್ ಕೆಲಸಗಾರರ ಲೈನ್‌ಮನೆಯವರು. ಹಾಕಿ ಸ್ಟಿಕ್ ಮುಟ್ಟಿದವರಲ್ಲ. ಅವರಿಗೆ ಏನು?

ಅವರು ಆಡುವ ಆಟದಿಂದಲೇ ಶುರು ಮಾಡಿ. ಕೆಲಸ ಮುಗಿದ ಮೇಲೆ ಎಸ್ಟೇಟಿನ ಅಂಗಳದಲ್ಲಿ ನಡೆಯುವುದು ವಾಲಿಬಾಲ್. ಅದು ಹುಟ್ಟಿದ್ದೇ ಒಂದು ಕ್ರೈಸ್ತ ಸಂಘದಲ್ಲಿ ಅಂತ ಎಷ್ಟು ಜನರಿಗೆ ಗೊತ್ತು? 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಅದನ್ನು ಕಂಡುಹಿಡಿದರು. ಅದಕ್ಕೆ ನಾಲ್ಕು ವರ್ಷ ಮೊದಲು ಇನ್ನೊಂದು ವೈಎಂಸಿಎ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಹುಟ್ಟಿತ್ತು. ಅದು ವಯಸ್ಸಾದ ಸದಸ್ಯರಿಗೆ ಕಷ್ಟ ಆಗುತ್ತಿತ್ತು. ಅವರನ್ನು ಬಿಟ್ಟು ಆಡುವ ಬದಲು ಅವರಿಗಾಗಿ ಹೊಸ ಆಟವನ್ನೇ ಮಾಡಿದರು. ಆಗದವರಿಗೆ ಜಾಗ ಮಾಡಿಕೊಡುವುದು ಅಂದರೆ ಇದೇ. ಇದನ್ನು ಕೇಳಿದ ಮೇಲೆ ಮಕ್ಕಳು ಕುಂಟುವ ಗೆಳೆಯನನ್ನು ಆಟಕ್ಕೆ ಹೇಗೆ ಸೇರಿಸಬೇಕು ಅಂತ ತಾವೇ ಯೋಚಿಸುತ್ತಾರೆ.

ಲಗೋರಿಯನ್ನು ಇನ್ನೂ ಜಾಸ್ತಿ ಇಷ್ಟಪಟ್ಟು ಬಳಸುತ್ತೇನೆ. ಚೆಂಡು ಎಸೆದು ಕಲ್ಲಿನ ರಾಶಿ ಬೀಳಿಸಬೇಕು. ಬೀಳಿಸಿದವರೇ ಮತ್ತೆ ಕಟ್ಟಬೇಕು. ಕಟ್ಟುವಾಗ ಎದುರಿನವರು ಚೆಂಡಿನಿಂದ ಹೊಡೆಯುತ್ತಲೇ ಇರುತ್ತಾರೆ. ಒಬ್ಬ ಔಟಾದರೆ ಇನ್ನೊಬ್ಬ ಓಡಿ ಬಂದು ಕಲ್ಲು ಇಡಬೇಕು. ಮೊದಲು ಹೊರಗೆ ಹೋಗಿ ಆಡಿಸಿ. ಬೆವರು ಆರುವ ಮೊದಲೇ ನೆಹೆಮೀಯ 4ನೇ ಅಧ್ಯಾಯ ಓದಿ. ಯೆರೂಸಲೇಮಿನ ಗೋಡೆ ಬಿದ್ದಿದೆ, ಕಟ್ಟುವವರನ್ನು ಗೇಲಿ ಮಾಡುತ್ತಿದ್ದಾರೆ, ಮೇಲೆ ಬೀಳಲು ಹೊಂಚು ಹಾಕುತ್ತಿದ್ದಾರೆ. ಅರ್ಧ ಜನ ಕಟ್ಟುತ್ತಾರೆ, ಅರ್ಧ ಜನ ಈಟಿ ಹಿಡಿದು ಕಾಯುತ್ತಾರೆ. 52 ದಿನಕ್ಕೆ ಗೋಡೆ ಎದ್ದು ನಿಂತಿತು. ವಿವರಿಸುವ ಅಗತ್ಯವೇ ಬರುವುದಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಮನೆ ಕಳೆದುಕೊಂಡು ಮತ್ತೆ ಕಟ್ಟಿದ ಕುಟುಂಬಗಳು ನಮ್ಮ ನಡುವೆಯೇ ಇವೆ. ದೊಡ್ಡ ಮಕ್ಕಳ ತರಗತಿಯಲ್ಲಿ ಆ ಮಾತು ತಾನಾಗಿಯೇ ಬರುತ್ತದೆ. ಬಂದರೆ ಬರಲಿ, ನೀವಾಗಿ ಕೆದಕಬೇಡಿ.

ವಯಸ್ಸಾದವರ ಕೂಟಕ್ಕೆ ಹೊಂದುವ ಉದಾಹರಣೆ ಇದೆಯಾ?

ಟೆನಿಸ್ ಆಟಗಾರ ರೋಹನ್ ಬೋಪಣ್ಣ. ಮಾದಾಪುರದ ಕಾಫಿ ತೋಟದಲ್ಲಿ ಬೆಳೆದವರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಆಗಲೇ ವಿಶ್ವದ ನಂಬರ್ ಒನ್ ಕೂಡ ಆದರು, ಆ ವಯಸ್ಸಿನಲ್ಲಿ ಮೊದಲ ಸಲ ಅಲ್ಲಿಗೇರಿದವರು ಬೇರೆ ಇಲ್ಲ. ಯೆಹೋಶುವ 14ರ ಕಾಲೇಬನನ್ನು ಇವರ ಪಕ್ಕದಲ್ಲಿಟ್ಟು ಓದಿ. 85ರಲ್ಲಿ ಅವನು ಬೆಟ್ಟದ ಸೀಮೆಯನ್ನೇ ಕೇಳಿದ. ಬೆಟ್ಟದ ಸೀಮೆಯ ನಮ್ಮ ಅಜ್ಜಂದಿರಿಗೆ ಅದು ಬಹಳ ಹಿಡಿಸುತ್ತದೆ.

ಆದರೆ ಮಂಡಿನೋವಿನವರಿಗೆ "ನೋಡಿ ಅವರನ್ನು" ಅಂತ ಹೇಳಿ ಕುಗ್ಗಿಸಬೇಡಿ. ಬೋಪಣ್ಣ ಆಡಿದ್ದು ಡಬಲ್ಸ್, ಅಂಕಣದ ಅರ್ಧ ಹೊರುವ ಜೊತೆಗಾರ ಇದ್ದ. ಪ್ರಸಂಗಿ 4:9, ಒಬ್ಬನಿಗಿಂತ ಇಬ್ಬರು ಮೇಲು. ಅದನ್ನು ಹೇಳಿ. ಹೆಣ್ಣುಮಕ್ಕಳಿಗೆ ಇದೇ ಪಾಠವನ್ನು ಅಶ್ವಿನಿ ಪೊನ್ನಪ್ಪ ಅವರಿಂದ ಮಾಡಬಹುದು. ಜ್ವಾಲಾ ಗುಟ್ಟಾ ಜೊತೆ 2010ರ ಕಾಮನ್‌ವೆಲ್ತ್ ಕೂಟದಲ್ಲಿ ಬ್ಯಾಡ್ಮಿಂಟನ್ ಡಬಲ್ಸ್ ಚಿನ್ನ ಗೆದ್ದವರು ಅವರು.

ಸಿನಿಮಾ ಹೀರೋನನ್ನು ಯೇಸುವಿಗೆ ಹೋಲಿಸಬಹುದಾ?

ಹೋಲಿಸುವ ಬದಲು ಎದುರುಬದುರು ಇಡಿ. ಗೆತ್ಸೆಮನೆ ತೋಟದ ದೃಶ್ಯ ಓದುತ್ತಾ ಪೇತ್ರ ಕತ್ತಿ ಎಳೆದ ಕಡೆ ನಿಲ್ಲಿಸಿ. ಸಿನಿಮಾ ಆಗಿದ್ದರೆ ಈಗ ಹೀರೋ ಏನು ಮಾಡುತ್ತಿದ್ದ ಅಂತ ಕೇಳಿ. ಫೈಟ್ ಸೀನನ್ನು ಅವರೇ ಹೇಳುತ್ತಾರೆ, ಹೇಳಲಿ. ಆಮೇಲೆ ಮುಂದಿನ ವಾಕ್ಯ ಓದಿ. ಕತ್ತಿ ಒರೆಗೆ ಸೇರಿಸು ಅನ್ನುತ್ತಾರೆ ಯೇಸು. ಗಾಯಗೊಂಡವನ ಕಿವಿ ಮುಟ್ಟಿ ವಾಸಿ ಮಾಡುತ್ತಾರೆ. ತಮ್ಮನ್ನು ಹಿಡಿಯಲು ಬಂದವನ ಕಿವಿಯನ್ನು!

ಪಾತ್ರಕ್ಕಿಂತ ನಟನ ಬದುಕಿನಿಂದ ಕೆಲವೊಮ್ಮೆ ಒಳ್ಳೆಯ ಪಾಠ ಸಿಗುತ್ತದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಅವರು ಮಾಡುತ್ತಿದ್ದ ಸಹಾಯ ಎಷ್ಟೋ ಜನರಿಗೆ ತಿಳಿದದ್ದು ಅವರು ಹೋದ ಮೇಲೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅನ್ನುವ ಮತ್ತಾಯ 6:3ನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವುದು ಕಷ್ಟ. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಈ ಪಾಠದ ಕೊನೆಗೆ ನಾವು ನೇತ್ರದಾನದ ಮಾತನ್ನೂ ಎತ್ತುತ್ತೇವೆ. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ನಮ್ಮ ಬೆಟ್ಟದ ದಾರಿಯಲ್ಲಿ ಆರು ಗಂಟೆ ಅಂದರೆ ಜಾಸ್ತಿ ಹೊತ್ತೇನಲ್ಲ, ಕೂಡಲೇ ಫೋನ್ ಮಾಡಬೇಕು ಅಂತ ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಸಿನಿಮಾ ಹಾಡಿನ ಧಾಟಿಗೆ ಭಕ್ತಿಗೀತೆ ಬರೆದು ಹಾಡಬಹುದಾ?

ಆರಾಧನೆಯಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಧಾಟಿ ಕೇಳಿದ ಕೂಡಲೇ ಮನಸ್ಸು ಆ ಸಿನಿಮಾಕ್ಕೆ ಓಡುತ್ತದೆ. ಜೊತೆಗೆ ಆ ಸಂಗೀತ ಇನ್ನೊಬ್ಬರ ದುಡಿಮೆ, ಅದರ ಹಕ್ಕು ಅವರದ್ದು.

ಜನರ ಹಾಡಿನ ಮಟ್ಟು ಬೇಡ ಅಂತಲ್ಲ. 1853ರಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅದಕ್ಕೂ ಮೊದಲೇ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ನಿಘಂಟಿನ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯದಲ್ಲಿ ಬರೆದರು. ಅವರು ಮೊದಲು ಇಲ್ಲಿನ ಹಾಡನ್ನು ಕೂತು ಕೇಳಿದರು, ಕಲಿತರು, ಆಮೇಲೆ ಬರೆದರು. ಯುವಜನರಿಗೆ ಹೊಸ ಹಾಡು ಬೇಕಾದರೆ ಅವರೇ ಧಾಟಿ ಕಟ್ಟಲಿ. ಗಿಟಾರ್ ಹಿಡಿದ ಹುಡುಗರು ಪ್ರತಿ ಸಭೆಯಲ್ಲೂ ಇದ್ದಾರೆ.

ಆರ್‌ಸಿಬಿ ಕಪ್ ಗೆದ್ದ ಮರುದಿನ ನಡೆದ ದುರಂತದ ಬಗ್ಗೆ ಮಕ್ಕಳು ಇನ್ನೂ ಕೇಳುತ್ತಾರೆ. ಏನು ಹೇಳುವುದು?

2025ರ ಜೂನ್ 3ರಂದು, 18ನೇ ಸೀಸನ್ನಿನಲ್ಲಿ, ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಕಪ್ ನೋಡಲು ಖುಷಿಯಿಂದ ಹೋದವರು ಅವರು.

ಆಗ ಕೆಲವು ಕಡೆ "ಆಟವನ್ನು ದೇವರು ಮಾಡಿಕೊಂಡದ್ದಕ್ಕೆ ಶಿಕ್ಷೆ" ಅನ್ನುವ ಮಾತು ಬಂತು. ದಯವಿಟ್ಟು ಹಾಗೆ ಹೇಳಬೇಡಿ. ಲೂಕ 13:4ನ್ನು ತೆರೆಯಿರಿ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಿದ್ದರು. ಯೆರೂಸಲೇಮಿನ ಮಿಕ್ಕವರಿಗಿಂತ ಅವರು ಹೆಚ್ಚು ಪಾಪಿಗಳು ಅಂತ ನೆನಸುತ್ತೀರಾ ಅಂತ ಯೇಸು ಕೇಳುತ್ತಾರೆ. ಇಲ್ಲ ಅಂತ ಅವರೇ ಉತ್ತರ ಕೊಡುತ್ತಾರೆ. ಸತ್ತವರ ಲೆಕ್ಕ ನೋಡುವ ಬದಲು ನಿಮ್ಮ ಬದುಕನ್ನು ತಿರುಗಿಸಿಕೊಳ್ಳಿ ಅನ್ನುತ್ತಾರೆ.

ಹಾಗಾಗಿ ಈ ವಿಷಯದಲ್ಲಿ ಪಾಠಕ್ಕಿಂತ ಪ್ರಾರ್ಥನೆ ಮುಂದೆ ಇರಲಿ. ಆ ಮನೆಗಳಿಗಾಗಿ ಪ್ರಾರ್ಥಿಸಿ. ನಂತರ ನಮ್ಮದೇ ಕಡೆ ತಿರುಗಿ. ನಮ್ಮ ಚರ್ಚಿನ ವಾರ್ಷಿಕ ಹಬ್ಬಕ್ಕೆ ಎಷ್ಟು ಜನ ಸೇರುತ್ತಾರೆ, ಹೊರಗೆ ಹೋಗುವ ಬಾಗಿಲು ಎಷ್ಟಿವೆ, ಅವುಗಳಲ್ಲಿ ಬೀಗ ಹಾಕಿರುವುದು ಯಾವುದು? ಯುವಜನರ ಕೈಯಲ್ಲೇ ಇದನ್ನು ಪರಿಶೀಲಿಸಿ. ನೆರೆಯವನ ಪ್ರಾಣ ಕಾಯುವುದೂ ಪ್ರೀತಿಯೇ.

ನಮ್ಮ ತಂಡ ಗೆಲ್ಲಲಿ ಅಂತ ಪ್ರಾರ್ಥಿಸಿದರೆ ತಪ್ಪಾ?

ತಪ್ಪೇನಿಲ್ಲ, ಮಕ್ಕಳು ಅಪ್ಪನ ಹತ್ತಿರ ಏನು ಬೇಕಾದರೂ ಕೇಳಬಹುದು. ಎದುರಿನ ತಂಡದಲ್ಲೂ ಪ್ರಾರ್ಥಿಸುವ ಮಕ್ಕಳಿದ್ದಾರೆ ಅಂತ ಹೇಳಿ. ಆಟಗಾರರಿಗೆ ಪೆಟ್ಟಾಗದಿರಲಿ, ಅಂಪೈರ್ ಮೇಲೆ ಸಿಟ್ಟು ಬಾರದಿರಲಿ ಅನ್ನುವುದನ್ನೂ ಸೇರಿಸಲಿ.

ಭಾನುವಾರ ಬೆಳಿಗ್ಗೆ ಮ್ಯಾಚ್ ಇದ್ದರೆ?

ಇದು ಪ್ರತಿ ಬೇಸಿಗೆಯಲ್ಲೂ ಬರುವ ಪ್ರಶ್ನೆ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆ ಭಾನುವಾರಕ್ಕೆ ಸಲ್ಲುತ್ತದೆ, ನಿಮ್ಮ ಫಾದರ್ ಹತ್ತಿರ ಕೇಳಿ. ಬೇರೆ ಸಭೆಗಳಲ್ಲಿ ಪಾಸ್ಟರ್ ಜೊತೆ ಮಾತಾಡಿ.

ಇಲ್ಲಿ ಎಲ್ಲರೂ ಹೇಳುವುದು ಸ್ಕಾಟ್ಲೆಂಡಿನ ಎರಿಕ್ ಲಿಡ್ಡೆಲ್ ಅವರ ಕಥೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಇತ್ತು. ಅವರು ಓಡಲಿಲ್ಲ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಈ ಕಥೆ ಹೇಳುವಾಗ ಎರಡು ಎಚ್ಚರಿಕೆ. ಹಡಗು ಹತ್ತುವಾಗ ಅವರಿಗೆ ವೇಳಾಪಟ್ಟಿ ಗೊತ್ತಾಯಿತು ಅನ್ನುವುದು ನಿಜವಲ್ಲ, ತಿಂಗಳುಗಳ ಮೊದಲೇ ಗೊತ್ತಿತ್ತು. ಓಡುವಾಗ ದೇವರ ಸಂತೋಷ ನನಗೆ ತಿಳಿಯುತ್ತದೆ ಅನ್ನುವ ಪ್ರಸಿದ್ಧ ಮಾತು ಅವರದ್ದಲ್ಲ, ಅವರ ಕಥೆ ಹೇಳುವ 1981ರ ಸಿನಿಮಾಕ್ಕೆ ಬರೆದ ಸಂಭಾಷಣೆ. ಪ್ರಸಂಗದಲ್ಲಿ ಸುಳ್ಳು ಉಲ್ಲೇಖ ಬಂದರೆ ಮಕ್ಕಳು ಮೊಬೈಲಿನಲ್ಲಿ ಹುಡುಕಿ ತಿಳಿಯುತ್ತಾರೆ. ಆಮೇಲೆ ನಿಜವನ್ನೂ ನಂಬುವುದಿಲ್ಲ.

ಕಥೆಯ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಲಿಡ್ಡೆಲ್ ಮಿಷನರಿಯಾಗಿ ಚೀನಾಕ್ಕೆ ಹೋದರು. ಯುದ್ಧದ ಕಾಲದಲ್ಲಿ ಜಪಾನಿಯರು ಅವರನ್ನು ವೈಷಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿನ ಹುಡುಗರು ಭಾನುವಾರ ಹಾಕಿ ಆಡುತ್ತಾ ಹೊಡೆದಾಟಕ್ಕೆ ಇಳಿದರು, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಭಾನುವಾರ ಓಡಲು ಒಪ್ಪದೆ ಒಲಿಂಪಿಕ್ಸ್ ಓಟ ಬಿಟ್ಟಿದ್ದ ಅದೇ ಮನುಷ್ಯ ಮುಂದಿನ ಭಾನುವಾರ ಅವರ ಆಟಕ್ಕೆ ರೆಫರಿಯಾಗಿ ಬಂದರು ಅಂತ ಶಿಬಿರದಲ್ಲಿದ್ದವರು ನೆನೆದಿದ್ದಾರೆ. 1945ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ತನ್ನ ಗೆಲುವಿಗಾಗಿ ಭಾನುವಾರವನ್ನು ಬಿಟ್ಟುಕೊಡದವರು ಇನ್ನೊಬ್ಬರ ಮಕ್ಕಳಿಗಾಗಿ ಬಿಟ್ಟುಕೊಟ್ಟರು. ಎರಡೂ ಭಾಗ ಹೇಳಿ, ನಿರ್ಧಾರವನ್ನು ಮನೆಯವರಿಗೇ ಬಿಡಿ.

ಬೆಟ್ಟಿಂಗ್ ಬಗ್ಗೆ ಯುವಜನರ ಜೊತೆ ಹೇಗೆ ಮಾತಾಡುವುದು?

ನೇರವಾಗಿ. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾನೂನು ಬಂತು. ಕಾನೂನು ಬಂದರೂ ಚಟ ಹೋಗುವುದಿಲ್ಲ. ಶಿಲುಬೆಯ ಕೆಳಗೆ ಸಿಪಾಯಿಗಳು ಯೇಸುವಿನ ಅಂಗಿಗಾಗಿ ಚೀಟು ಹಾಕುತ್ತಿದ್ದರು. ಮೇಲೆ ಒಬ್ಬರು ಸಾಯುತ್ತಿದ್ದಾರೆ, ಇವರ ಕಣ್ಣು ಚೀಟಿನ ಮೇಲೆ. ದುಡ್ಡು ಕಟ್ಟಿದವನಿಗೆ ಆಟವೂ ಕಾಣುವುದಿಲ್ಲ, ಆಟಗಾರನೂ ಕಾಣುವುದಿಲ್ಲ. ಸಾಲ ಮಾಡಿಕೊಂಡ ಹುಡುಗ ಯಾರಾದರೂ ಬಂದು ಹೇಳಿದರೆ ಬೈಯಬೇಡಿ. ಎಷ್ಟು ಸಾಲ, ಯಾರಿಗೆ ಅಂತ ಕೇಳಿ, ಮನೆಯವರಿಗೆ ಹೇಳಲು ಜೊತೆಗೆ ಹೋಗಿ.

ನಾವು ಹೊಗಳಿದ ಸ್ಟಾರ್ ನಾಳೆ ಕೆಟ್ಟ ಸುದ್ದಿಯಲ್ಲಿ ಬಂದರೆ?

ಒಬ್ಬ ವ್ಯಕ್ತಿಯನ್ನು ಪೂರ್ತಿ ಆದರ್ಶ ಅಂತ ತೋರಿಸಬೇಡಿ, ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ತೋರಿಸಿ. ದಾವೀದನ ಕಥೆಯನ್ನು ಬೈಬಲ್ ಹಾಗೆಯೇ ಹೇಳುತ್ತದೆ, ಅವನ ಪಾಪವನ್ನು ಮುಚ್ಚಿಡುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಯುವಜನರು ಕೆಸರುಗದ್ದೆ ಕ್ರೀಡಾಕೂಟ ಮಾಡುತ್ತಾರೆ. ಬೇರೆ ಧರ್ಮದ ಮಕ್ಕಳೂ ಬರುತ್ತಾರೆ. ಅಲ್ಲಿ ಪ್ರಸಂಗ ಇಡಬಹುದಾ?

ಆಟಕ್ಕೆ ಅಂತ ಕರೆದಿದ್ದರೆ ಆಟ ಆಡಿಸಿ ಕಳಿಸಿ. ಓಟ, ಹಗ್ಗಜಗ್ಗಾಟ, ವಾಲಿಬಾಲ್, ಬಿಸಿ ಕಾಫಿ, ಸಾಕು. ಕರೆಯುವಾಗ ಹೇಳದೆ ನಡುವೆ ಪ್ರಸಂಗ ತಂದರೆ ನೆರೆಯವರ ನಂಬಿಕೆ ಮುರಿಯುತ್ತದೆ, ಮತ್ತೆ ಅವರು ಮಕ್ಕಳನ್ನು ಕಳಿಸುವುದಿಲ್ಲ. ಕಳಿಸದಿದ್ದರೆ ತಪ್ಪು ಅವರದ್ದೂ ಅಲ್ಲ. ವ್ಯಾಟಿಕನ್ 2018ರ ಜೂನ್‌ನಲ್ಲಿ ಕ್ರೀಡೆಯ ಬಗ್ಗೆ ಹೊರಡಿಸಿದ ದಾಖಲೆ ಕೂಡ ಆಟಕ್ಕೆ ಅದರದ್ದೇ ಬೆಲೆ ಇದೆ ಅಂತ ಒಪ್ಪುತ್ತದೆ.

ನಿಮ್ಮ ನಡತೆ ಅಲ್ಲಿ ಕಾಣುತ್ತದೆ. ಸೋತ ತಂಡಕ್ಕೂ ಮೊದಲ ಸಾಲಿನಲ್ಲೇ ಊಟ ಸಿಕ್ಕಿತಾ, ಲೈನ್‌ಮನೆಯ ಮಕ್ಕಳೂ ಎಸ್ಟೇಟ್ ಮಾಲೀಕರ ಮಕ್ಕಳೂ ಒಂದೇ ತಂಡದಲ್ಲಿ ಆಡಿದರಾ, ಅಂಪೈರ್ ನಮ್ಮವರ ಕಡೆ ವಾಲಿದರಾ, ಇದೆಲ್ಲವನ್ನೂ ಜನ ನೋಡುತ್ತಾರೆ. ಶುರುವಿನಲ್ಲಿ ಚಿಕ್ಕ ಪ್ರಾರ್ಥನೆ ಇಡುವುದಿದ್ದರೆ ನೋಟಿಸಿನಲ್ಲೇ ಬರೆಯಿರಿ. ಬೇಡ ಅನಿಸಿದವರು ಹತ್ತು ನಿಮಿಷ ತಡವಾಗಿ ಬರಬಹುದು ಅಂತಲೂ ಬರೆಯಿರಿ.